ನಾದಬಾರದ ಹಿಟ್ಟು

ಐರ್ಲೆಂಡಿನ ಕಂದು ಬ್ರೆಡ್ ಬಗ್ಗೆ ಬರೆಯುವವರು ಹೆಚ್ಚುಕಡಿಮೆ ಒಂದೇ ಮಾತಿನಿಂದ ಶುರುಮಾಡುತ್ತಾರೆ. ಇದು ಬಡವರ ಬ್ರೆಡ್, ಯೀಸ್ಟ್ ಸಿಗದವರು ಅಡುಗೆ ಸೋಡಾ ಹಾಕಿ ಹೇಗೋ ಉಬ್ಬಿಸಿಕೊಂಡದ್ದು, ಹೊಸಬರು ಕೈ ಪಳಗಿಸಿಕೊಳ್ಳಲು ಒಳ್ಳೆಯದು. ಹೊಗಳಿಕೆಯಂತೆ ಕೇಳಿಸುವ ಈ ಮಾತಿನೊಳಗೆ ಒಂದು ತೀರ್ಪು ಕೂತಿದೆ. ನಿಜವಾದ ಬ್ರೆಡ್ ಎಂದರೆ ಯೀಸ್ಟಿನದು, ಚೆನ್ನಾಗಿ ನಾದಿ ಗಂಟೆಗಟ್ಟಲೆ ಹುದುಗು ಬರಿಸಿದ್ದು. ಇದೇನಿದ್ದರೂ ಅದಿಲ್ಲದಾಗಿನ ಬದಲಿ ಎಂಬ ತೀರ್ಪು. ಕಾರ್ಕ್ ಕೌಂಟಿಯ ಒಂದು ಮನೆಯಲ್ಲಿ ಒಂದು ಚಳಿಗಾಲ ಬಾಡಿಗೆಗಿದ್ದೆ. ಆ ಮನೆಯ ಯಜಮಾನಿ ದಿನ ಬಿಟ್ಟು ದಿನ ಈ ಬ್ರೆಡ್ ಮಾಡುವುದನ್ನು ಕಣ್ಣಾರೆ ನೋಡಿದ ಮೇಲೆ, ಆಮೇಲೆ ನನ್ನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಮಾಡಿದ ಮೇಲೆ, ಈ ತೀರ್ಪು ತಪ್ಪು ಎಂದು ನಾನು ಗಟ್ಟಿಯಾಗಿ ಹೇಳಬಲ್ಲೆ.

ಮೊದಲು ಗೋಧಿಯನ್ನು ನೋಡಬೇಕು. ಐರ್ಲೆಂಡಿನ ಹವೆ ತಂಪು, ನೆಲ ಸದಾ ತೇವ. ಅಲ್ಲಿ ಬೆಳೆಯುವ ಗೋಧಿ ಮೆದು. ಅದರಲ್ಲಿ ಪ್ರೋಟೀನ್ ಕಡಿಮೆ, ಹಾಗಾಗಿ ಗ್ಲುಟೆನ್ ಎನ್ನುವ ಅಂಟೂ ಕಡಿಮೆ. ಯೀಸ್ಟ್ ಗಾಳಿಯನ್ನು ನಿಧಾನವಾಗಿ ಬಿಡುತ್ತದೆ. ಆ ಗಾಳಿಯನ್ನು ಅಷ್ಟು ಹೊತ್ತು ಹಿಡಿದಿಡಲು ಗಟ್ಟಿ ಅಂಟಿನ ಬಲೆ ಬೇಕು. ಮೆದು ಗೋಧಿಯ ಬಲೆ ಅಷ್ಟು ತಾಳುವುದಿಲ್ಲ. ಸೋಡಾ ಮಜ್ಜಿಗೆಯ ಹುಳಿಯನ್ನು ಸೇರಿದರೆ ಗಾಳಿ ಆ ಕ್ಷಣವೇ ಏಳುತ್ತದೆ, ಬೆನ್ನಹಿಂದೆಯೇ ಒಲೆಯ ಬಿಸಿ ಹಿಟ್ಟನ್ನು ಹಿಡಿದು ನಿಲ್ಲಿಸುತ್ತದೆ. ಅಂಟು ಕಡಿಮೆಯಿದ್ದಷ್ಟೂ ಒಳಗು ಮೃದು. ಅಂದರೆ ಆ ಗೋಧಿಗೆ ಸೋಡಾ ಬದಲಿಯಲ್ಲ, ತಕ್ಕ ಜೋಡಿ. ಜೋಳದ ಹಿಟ್ಟಿನಲ್ಲಿ ಅಂಟಿಲ್ಲ. ಅದಕ್ಕೇ ನಾವು ಬಿಸಿನೀರು ಹಾಕಿ ಕಲಸಿ, ಕೈಯಲ್ಲಿ ತಟ್ಟಿ ರೊಟ್ಟಿ ಮಾಡುತ್ತೇವೆ. ಜೋಳದ ರೊಟ್ಟಿಯನ್ನು ಲಟ್ಟಿಸಲು ಬಾರದವರ ಚಪಾತಿ ಎಂದು ಯಾರಾದರೂ ಕರೆದರೆ ಉತ್ತರ ಕರ್ನಾಟಕದ ಯಾವ ತಾಯಿ ಸುಮ್ಮನಿದ್ದಾಳು?

ಇನ್ನು ಬಡತನದ ಕತೆ. ಸೋಡಾ ಬ್ರೆಡ್ ಹುಟ್ಟಿದ್ದು ಆಲೂಗಡ್ಡೆಯ ಮಹಾಕ್ಷಾಮದಲ್ಲಿ ಎಂದು ಬರೆಯುವವರಿದ್ದಾರೆ. ಕ್ಷಾಮ ಶುರುವಾದದ್ದು 1845ರಲ್ಲಿ. ಅದಕ್ಕೆ ಒಂಬತ್ತು ವರ್ಷ ಮೊದಲೇ, 1836ರಲ್ಲಿ, ಡೌನ್ ಕೌಂಟಿಯ ‘ನ್ಯೂರಿ ಟೆಲಿಗ್ರಾಫ್’ ಪತ್ರಿಕೆಯಲ್ಲಿ ಇದನ್ನು ಮಾಡುವ ವಿಧಾನ ಅಚ್ಚಾಗಿತ್ತು. ಕ್ಷಾಮಕ್ಕೆ ಮುಂಚಿನ ಬಡ ಕೂಲಿಯವನ ತಟ್ಟೆಯಲ್ಲಿ ಇದ್ದದ್ದು ಆಲೂಗಡ್ಡೆ, ಜೊತೆಗೆ ಮಜ್ಜಿಗೆ. ಗೋಧಿ ಮಾರಿ ಗೇಣಿ ಕಟ್ಟುವ ಬೆಳೆಯಾಗಿತ್ತು. ಗೋಧಿಹಿಟ್ಟು, ಸೋಡಾ ಎರಡೂ ಹಳ್ಳಿಯ ಮನೆಗಳಿಗೆ ಸಲೀಸಾಗಿ ಬಂದದ್ದು ಕ್ಷಾಮ ಮುಗಿದ ಮೇಲೆ, ಆ ಶತಮಾನದ ಉತ್ತರಾರ್ಧದಲ್ಲಿ. ಹಾಗೆಯೇ ಇದನ್ನು ಕೆಲ್ಟರ ಕಾಲದ ಪ್ರಾಚೀನ ಬ್ರೆಡ್ ಎಂದು ಮಾರುವವರ ಮಾತೂ ನಿಲ್ಲುವುದಿಲ್ಲ. ಸೋಡಾ ಹತ್ತೊಂಬತ್ತನೆಯ ಶತಮಾನದ ರಸಾಯನ ಕಾರ್ಖಾನೆಯಿಂದ ಬಂದ ಸರಕು. ಇನ್ನೂರು ವರ್ಷವೂ ಆಗದ ಒಂದು ಪದ್ಧತಿ ಸಂಪ್ರದಾಯವಾಗಬಾರದು ಎಂದೇನೂ ಇಲ್ಲ. ನಮ್ಮ ಅಡುಗೆಗೆ ಹಸಿಮೆಣಸಿನಕಾಯಿ ಕೂಡ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದೇ.

ಒಂದು ಮಾತನ್ನು ಒಪ್ಪಬೇಕು. ಅಲ್ಲಿನ ಹಳ್ಳಿಮನೆಗಳಲ್ಲಿ ಓವನ್ ಇರಲಿಲ್ಲ, ಬೆಂಕಿಗೂಡು ಇತ್ತು. ಬ್ಯಾಸ್ಟಿಬಲ್ ಎಂಬ ದಪ್ಪ ಕಬ್ಬಿಣದ ಪಾತ್ರೆಯೊಳಗೆ ಹಿಟ್ಟಿನ ಉಂಡೆ ಇಟ್ಟು, ಬೆಂಕಿಯ ಮೇಲೆ ತೂಗುಹಾಕಿ, ಮುಚ್ಚಳದ ಮೇಲೂ ಟರ್ಫಿನ ಕೆಂಡ ಹರಡುತ್ತಿದ್ದರು. ಟರ್ಫ್ ಎಂದರೆ ಜೌಗುನೆಲದಿಂದ ಕಡಿದು ಒಣಗಿಸಿದ ಮಣ್ಣಿನಂಥ ಉರುವಲು. ಮೇಲೆ ಕೆಳಗೆ ಎರಡೂ ಕಡೆ ಕೆಂಡ, ನಡುವೆ ಬ್ರೆಡ್. ಈ ಅನುಕೂಲಕ್ಕೆ ಸೋಡಾ ಹೊಂದಿಕೊಂಡಿತು, ನಿಜ. ಆದರೆ ಕೊರತೆಯೊಂದೇ ಕಾರಣವಾಗಿದ್ದರೆ ಕೊರತೆ ತೀರಿದ ದಿನ ಆ ಬ್ರೆಡ್ ಮಾಯವಾಗಬೇಕಿತ್ತು. ಇಂದು ಆ ದೇಶದ ಪ್ರತಿ ಅಂಗಡಿಯಲ್ಲಿ ಯೀಸ್ಟ್ ಇದೆ, ಮನೆಮನೆಯಲ್ಲಿ ಓವನ್ ಇದೆ. ಆದರೂ ಸೂಪಿನ ಪಕ್ಕದಲ್ಲಿ, ಹೊಗೆಯಾಡಿಸಿದ ಸಾಲ್ಮನ್ ಮೀನಿನ ಕೆಳಗೆ, ಬೆಳಗಿನ ಟೀ ಜೊತೆ ಈ ಕಂದು ಬ್ರೆಡ್ಡೇ ಇರುತ್ತದೆ.

ಸುಲಭ ಎಂಬ ಮಾತಿಗೆ ಬರುತ್ತೇನೆ. ನನಗೆ ಹೆಚ್ಚು ತಕರಾರಿರುವುದು ಇಲ್ಲಿಯೇ. ಆ ಯಜಮಾನಿ ಹಿಟ್ಟನ್ನು ಕಣ್ಣಳತೆಯಲ್ಲಿ ಸುರಿಯುತ್ತಿದ್ದರು. ಸುಮಾರು 450 ಗ್ರಾಂ. ಮೂರರಲ್ಲಿ ಎರಡು ಪಾಲು ತೌಡಿನ ಚೂರು ಕಾಣುವ ತರಿತರಿ ಕಂದು ಹಿಟ್ಟು, ಒಂದು ಪಾಲು ಬಿಳಿಯದು. ಒಂದು ಟೀ ಚಮಚ ಉಪ್ಪು. ಅಳೆದು ಹಾಕುತ್ತಿದ್ದುದು ಸೋಡಾ ಒಂದನ್ನೇ, ತಲೆತಟ್ಟಿ ಒಂದು ಟೀ ಚಮಚ. ಅದನ್ನೂ ನೇರ ಹಾಕುತ್ತಿರಲಿಲ್ಲ. ಎಡ ಅಂಗೈಗೆ ಸುರಿದುಕೊಂಡು ಚಮಚದ ಬೆನ್ನಿನಿಂದ ಒತ್ತಿ ಉಜ್ಜುತ್ತಿದ್ದರು. ಒಂದು ಗಂಟು ಉಳಿದರೂ ಬ್ರೆಡ್ಡಿನಲ್ಲಿ ಹಳದಿ ಹಸಿರು ಚುಕ್ಕೆ ಬೀಳುತ್ತದೆ, ಅಲ್ಲಿ ಕಚ್ಚಿದರೆ ಸಾಬೂನಿನ ರುಚಿ. ನಡುವೆ ಗುಳಿ ಮಾಡಿ ಸುಮಾರು 400 ಮಿಲಿಲೀಟರ್ ಮಜ್ಜಿಗೆ ಒಮ್ಮೆಗೇ ಹೊಯ್ಯುವುದು. ಆಮೇಲೆ ಬಲಗೈಯ ಐದೂ ಬೆರಳು ಬಿಡಿಸಿ, ಸೆಟೆಸಿ, ಹದ್ದಿನ ಪಂಜದಂತೆ ಮಾಡಿ ಒಳಗಿನಿಂದ ಹೊರಕ್ಕೆ ಸುತ್ತು ಹಾಕುವುದು. ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ. ಮೊದಲ ಸಲ ನನ್ನ ಕೈಗೆ ಬಟ್ಟಲು ಕೊಟ್ಟಾಗ ಚಪಾತಿ ಹಿಟ್ಟಿನ ಅಭ್ಯಾಸದಲ್ಲಿ ನಾನು ಅಂಗೈ ಊರಿ ನಾದಲು ಹೊರಟೆ. ಅವರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿಬಿಟ್ಟರು.

ಆ ಹಿಡಿತದಲ್ಲಿ ಈ ಬ್ರೆಡ್ಡಿನ ಇಡೀ ವಿದ್ಯೆ ಇತ್ತು. ನಾದಿದರೆ ಇದ್ದಷ್ಟು ಅಂಟೂ ಬಿಗಿಯುತ್ತದೆ, ಎದ್ದ ಗಾಳಿ ಹೊರಟುಹೋಗುತ್ತದೆ, ಓವನ್‌ನಿಂದ ಇಟ್ಟಿಗೆ ಬರುತ್ತದೆ. ಮಜ್ಜಿಗೆ ಬಿದ್ದ ಗಳಿಗೆಯಿಂದ ಸೋಡಾ ಕೆಲಸಕ್ಕೆ ತೊಡಗಿರುತ್ತದೆ. ಫೋನು ಬಂತೆಂದು ಹತ್ತು ನಿಮಿಷ ಬಿಟ್ಟರೂ ಆ ಬಲ ಅಷ್ಟರಮಟ್ಟಿಗೆ ಸೋರಿರುತ್ತದೆ. ಯೀಸ್ಟಿನ ಹಿಟ್ಟು ಕಾಯುತ್ತದೆ, ತಪ್ಪು ತಿದ್ದಲು ಸಮಯ ಕೊಡುತ್ತದೆ. ಇದು ಕೊಡುವುದಿಲ್ಲ. ಬೇಗ ಆಗುವ ಕೆಲಸವೆಲ್ಲ ಸುಲಭದ ಕೆಲಸವಲ್ಲ. ಕೈ ಯಾವಾಗ ತೆಗೆಯಬೇಕು ಎಂದು ತಿಳಿಯುವುದಕ್ಕೇ ನನಗೆ ಒಂದು ಚಳಿಗಾಲ ಬೇಕಾಯಿತು. ಪ್ರೀತಿಯಿಂದ ಚೆನ್ನಾಗಿ ನಾದಿ ಎಂದು ಬರೆಯುವವರು ಓದುಗರ ಹಿಟ್ಟು ಕೆಡಿಸುತ್ತಿದ್ದಾರೆ.

ಸಕ್ಕರೆಯ ವಿಷಯವನ್ನೂ ಹೇಳಲೇಬೇಕು. ಐರಿಷ್ ಸೋಡಾ ಬ್ರೆಡ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಹಬ್ಬಿರುವುದರಲ್ಲಿ ಸಕ್ಕರೆ, ಮೊಟ್ಟೆ, ಬೆಣ್ಣೆ, ಒಣದ್ರಾಕ್ಷಿ, ಸೀಮೆಜೀರಿಗೆ ಇರುತ್ತವೆ. ತಿನ್ನಲು ಚೆನ್ನಾಗಿಯೇ ಇರುತ್ತದೆ. ಆದರೆ ಅದು ಕೇಕು. ಐರ್ಲೆಂಡಿನಲ್ಲೂ ದ್ರಾಕ್ಷಿ ಹಾಕಿದ ಬಿಳಿ ಬ್ರೆಡ್ ಉಂಟು, ಅದಕ್ಕೆ ‘ಸ್ಪಾಟೆಡ್ ಡಾಗ್’ ಎಂದು ಬೇರೆಯೇ ಹೆಸರಿದೆ. ಈ ಗೆರೆ ಆ ದೇಶದ ಕಾನೂನಿನಲ್ಲೂ ಇದೆ. 1972ರ ಮೌಲ್ಯವರ್ಧಿತ ತೆರಿಗೆ ಕಾಯ್ದೆಯ ಪ್ರಕಾರ ಬ್ರೆಡ್ಡಿನಲ್ಲಿ ಸಕ್ಕರೆ ಹಿಟ್ಟಿನ ತೂಕದ ಶೇ. 2ನ್ನು ದಾಟುವಂತಿರಲಿಲ್ಲ. 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸಬ್‌ವೇ ಕಂಪನಿಯ ಸ್ಯಾಂಡ್‌ವಿಚ್ ಬ್ರೆಡ್ಡಿನಲ್ಲಿ ಅದು ಶೇ. 10 ಇದೆ ಎಂದು, ತೆರಿಗೆಯ ಮಟ್ಟಿಗೆ ಅದನ್ನು ಬ್ರೆಡ್ ಎನ್ನಲಾಗದು ಎಂದಿತು. ಪ್ರಶ್ನೆ ತೆರಿಗೆಯದೇ ಇರಬಹುದು. ನಿತ್ಯದ ಆಹಾರ ಯಾವುದು, ತಿನಿಸು ಯಾವುದು ಎಂಬ ವಿವೇಕ ಅದರ ಹಿಂದೆ ಇದೆ.

ನನ್ನ ವಾದಕ್ಕೆ ಎದುರಾಗಿ ಇಡಬಹುದಾದ ಬಲವಾದ ಹೆಸರು ಮರ್ಟಲ್ ಆಲೆನ್ ಅವರದು. 1964ರಲ್ಲಿ ಕಾರ್ಕ್ ಕೌಂಟಿಯ ಬ್ಯಾಲಿಮಲೂ ಎಂಬ ತಮ್ಮ ತೋಟದ ಮನೆಯಲ್ಲೇ ಊಟದ ಮನೆ ತೆರೆದು, ಐರಿಷ್ ಅಡುಗೆಗೆ ಮರ್ಯಾದೆ ತಂದವರು ಅವರು. ಅವರ ಹೆಸರಾಂತ ಕಂದು ಬ್ರೆಡ್ ಯೀಸ್ಟಿನದು. ಹಾಗಾದರೆ ಯೀಸ್ಟೇ ಮೇಲು ಎಂದಾಯಿತಲ್ಲ ಎನ್ನಬಹುದು. ಆದರೆ ಆ ಬ್ರೆಡ್ಡನ್ನು ಮಾಡುವ ಕ್ರಮ ನೋಡಿ: ಅದನ್ನೂ ನಾದುವುದಿಲ್ಲ. ಸಡಿಲವಾಗಿ ಕಲಸಿ, ತವರದ ಅಚ್ಚಿಗೆ ಸುರಿದು, ಒಂದೇ ಒಂದು ಸಲ ಉಬ್ಬಲು ಬಿಟ್ಟು ಬೇಯಿಸುತ್ತಾರೆ. ಯೀಸ್ಟ್ ಬಂದಾಗಲೂ ಕೈ ಹಿಂದೆ ಸರಿದೇ ನಿಂತಿತು.

ನಮ್ಮಲ್ಲಿ ಇದನ್ನು ಮಾಡುವವರಿಗೆ ಒಂದೆರಡು ಮಾತು. ಚಕ್ಕಿ ಆಟಾ ಗಟ್ಟಿ ಗೋಧಿಯ ನುಣುಪು ಹಿಟ್ಟು, ಚಪಾತಿಗೆ ಹೇಳಿ ಮಾಡಿಸಿದ್ದು, ನೀರು ಬಹಳ ಕುಡಿಯುತ್ತದೆ. ಅದೊಂದನ್ನೇ ಹಾಕಿದರೆ ಬ್ರೆಡ್ ಹಿಡಿಗಟ್ಟುತ್ತದೆ. ಅರ್ಧ ಆಟಾ, ಅರ್ಧ ಮೈದಾ, ಮೇಲೆ ಎರಡು ಹಿಡಿ ಗೋಧಿ ತೌಡು ಹಾಕಿ. ನಾವು ಕುಡಿಯುವ ನೀರುಮಜ್ಜಿಗೆ ಇದಕ್ಕೆ ಆಗದು. ಮೂರು ಪಾಲು ಹುಳಿಮೊಸರಿಗೆ ಒಂದು ಪಾಲು ನೀರು ಬೆರೆಸಿ ಕಡೆಯಿರಿ. ಹಾಲಿಗೆ ನಿಂಬೆರಸ ಹಿಂಡಿದರೂ ಹಿಟ್ಟು ಉಬ್ಬುತ್ತದೆ, ಆದರೆ ಮೊಸರಿನ ಮಂದವೂ ರುಚಿಯೂ ಅದರಲ್ಲಿ ಇರುವುದಿಲ್ಲ. ಉಂಡೆಯ ಮೇಲೆ ಚಾಕುವಿನಿಂದ ಆಳವಾಗಿ ಅಡ್ಡ ಉದ್ದ ಗೀರಿ. ಅದು ದೇವರ ಹರಕೆಗೆ ಎನ್ನುವವರಿದ್ದಾರೆ, ಒಳಗಿನ ಯಕ್ಷಿಣಿಯರು ಹೊರಹೋಗಲಿ ಎಂದು ಎನ್ನುವವರೂ ಇದ್ದಾರೆ. ದಪ್ಪ ನಡುಭಾಗಕ್ಕೆ ಬಿಸಿ ಇಳಿಯುವುದು ಆ ಗೀರಿನಿಂದಲೇ. 230 ಡಿಗ್ರಿಯಲ್ಲಿ ಕಾಲು ಗಂಟೆ, 200ಕ್ಕೆ ಇಳಿಸಿ ಇನ್ನೊಂದು ಅರ್ಧ ಗಂಟೆ. ತಳಕ್ಕೆ ಬೆರಳಗಂಟಿನಿಂದ ತಟ್ಟಿದರೆ ಖಾಲಿ ಡಬ್ಬಿಯ ಸದ್ದು ಬರಬೇಕು.

ಮೊದಲ ಸಲವಾದರೂ ಹಿಟ್ಟು, ಸೋಡಾ, ಉಪ್ಪು, ಮಜ್ಜಿಗೆ ಬಿಟ್ಟು ಬೇರೇನೂ ಹಾಕಬೇಡಿ. ಬೆಳಿಗ್ಗೆ ಬೇಯಿಸಿದ್ದನ್ನು ಸಂಜೆಯೊಳಗೆ ತಿನ್ನಿ. ಮರುದಿನಕ್ಕೆ ಅದು ಒಣಗುತ್ತದೆ. ಆಗ ಕಾವಲಿಯ ಮೇಲೆ ಬಿಸಿ ಮಾಡಿ ಬೆಣ್ಣೆ ಹಚ್ಚಿಕೊಳ್ಳಿ.