ಉಪ್ಪು ಬಿಟ್ಟುಹೋದ ತೂತುಗಳು

ಉಗಾರ ಖುರ್ದದಲ್ಲಿ ಇರುವುದು ಕೃಷ್ಣೆ, ಕಬ್ಬು, ಸಕ್ಕರೆ ಕಾರ್ಖಾನೆ. ಇಲ್ಲಿ ಕಡಲಿನ ಅಕ್ವೇರಿಯಂ ಬೇಕೆಂದರೆ ಕಡಲನ್ನೇ ಕಲಸಿಕೊಳ್ಳಬೇಕು: ಲೀಟರು ಆರ್‌ಒ ನೀರಿಗೆ ಸುಮಾರು 35 ಗ್ರಾಂ ಕಡಲ ಅಕ್ವೇರಿಯಂ ಉಪ್ಪು. ಅಡುಗೆಮನೆ ಉಪ್ಪು ನಡೆಯದು.

ನನ್ನನ್ನು ಮರುಳು ಮಾಡಿದ್ದು ಮಾತ್ರ ತೊಟ್ಟಿಯೊಳಗಿನ ಕಲ್ಲು. ಅದಕ್ಕಾಗಿ ನೇತ್ರಾಣಿ ದ್ವೀಪದ ಹವಳ ಕಿತ್ತು ತರುವಂತಿಲ್ಲ. 2001ರಿಂದ ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಇರಲೇಬೇಕು. ಹಾಗಾಗಿ ಕೈ ಬಿಗಿಯಿರುವ ಹವ್ಯಾಸಿಗಳು ಕಲ್ಲನ್ನೇ ಎರಕ ಹೊಯ್ಯುತ್ತಾರೆ. ಸಿಮೆಂಟು, ಚಿಪ್ಪಿನ ಪುಡಿ, ದಪ್ಪ ಹರಳುಪ್ಪು ಸೇರಿಸಿ ಗಟ್ಟಿಯಾಗಿ ಕಲಸಿ, ಒದ್ದೆ ಮರಳಿನ ಗುಂಡಿಗೆ ಸುರಿಯುತ್ತಾರೆ. ಬಿಗಿದ ಮೇಲೆ ವಾರಗಟ್ಟಲೆ ನೀರಲ್ಲಿ ನೆನೆಹಾಕುತ್ತಾರೆ. ನೀರು ಬದಲಿಸಿದಂತೆಲ್ಲ ಸಿಮೆಂಟಿನ ಕ್ಷಾರ ಇಳಿಯುತ್ತದೆ, ಉಪ್ಪು ಕರಗಿ ಜೇನುಹಲ್ಲೆಯಂಥ ತೂತು ಉಳಿಯುತ್ತದೆ. ಬೆರಳಾಡಿಸಿದರೆ ತರಿತರಿ.

ಆ ತೂತುಗಳಲ್ಲೇ ಬ್ಯಾಕ್ಟೀರಿಯಾ ಮನೆಮಾಡಿ, ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅವು ನೆಲೆಯೂರುವವರೆಗೆ ಮೀನಿಲ್ಲದ ಖಾಲಿ ತೊಟ್ಟಿ ನೋಡಿಕೊಂಡು ಕೂರುವ ತಾಳ್ಮೆ ಇದೆಯಲ್ಲ, ಅದಕ್ಕೇ ಶಹಬ್ಬಾಸ್ ಅನ್ನಬೇಕು! ಮೀನು ಬಂದಮೇಲೂ ನೀರಿನ ಮಟ್ಟಕ್ಕೆ ಗಾಜಿನ ಮೇಲೆ ಮಾರ್ಕರ್ ಗೆರೆ ಎಳೆದಿಟ್ಟಿರುತ್ತಾರೆ. ನಮ್ಮ ಬೇಸಿಗೆಗೆ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಗೆರೆಯವರೆಗೆ ದಿನಾ ಸಿಹಿನೀರನ್ನೇ ಹಾಕುತ್ತಾರೆ.