ಬಾಟಲಿ ಇಲ್ಲದಿದ್ದರೆ ಅದು ಟ್ರೀಟೇ ಅಲ್ಲವೆ?

ಪ್ಲೇಸ್‌ಮೆಂಟ್ ಆದರೆ ಟ್ರೀಟ್, ಹುಟ್ಟುಹಬ್ಬಕ್ಕೆ ಟ್ರೀಟ್, ಸೆಮಿಸ್ಟರ್ ಮುಗಿದರೆ ಟ್ರೀಟ್, ಬ್ಯಾಕ್‌ಲಾಗ್ ಉಳಿದುಕೊಂಡರೆ ಬೇಜಾರು ಕಳೆಯಲಿಕ್ಕೆ ಇನ್ನೊಂದು ಟ್ರೀಟ್. ಬೆಂಗಳೂರು, ಮಣಿಪಾಲ, ದಾವಣಗೆರೆ, ಹುಬ್ಬಳ್ಳಿ, ಹೀಗೆ ಕಾಲೇಜುಗಳು ತುಂಬಿರುವ ಯಾವ ಊರಿನಲ್ಲೂ ಪಂಚಾಂಗದಲ್ಲಿಲ್ಲದ ಈ ಹಬ್ಬಗಳಿಗೆ ಕೊರತೆಯಿಲ್ಲ. ಊಟ, ಹರಟೆ, ಕುಣಿತದ ಬಗ್ಗೆ ಯಾರದೂ ದೊಡ್ಡ ತಕರಾರಿಲ್ಲ. ತಕರಾರು ಏಳುವುದು ‘ಎಣ್ಣೆ’ ಬಂದಾಗ. ಆಗ ಒಬ್ಬರು ‘ಸಂಸ್ಕೃತಿ ಹಾಳಾಯಿತು’ ಎನ್ನುತ್ತಾರೆ, ಇನ್ನೊಬ್ಬರು ‘ನಮ್ಮ ಜೀವನ, ನಮ್ಮಿಷ್ಟ’ ಎನ್ನುತ್ತಾರೆ. ಇಬ್ಬರೂ ಪಾರ್ಟಿಯನ್ನು ಕಣ್ಣಿಟ್ಟು ನೋಡಿದವರಲ್ಲ.

ಒಂದು ಕೃತಿಯನ್ನು ಓದುವಾಗ ಅದು ಏನು ಮಾಡಲು ಹೊರಟಿದೆ, ಅದರಲ್ಲಿ ಎಷ್ಟು ಗೆದ್ದಿದೆ ಎಂದು ಕೇಳುತ್ತೇವೆ. ಎಣ್ಣೆ ಪಾರ್ಟಿಯನ್ನೂ ಹಾಗೆಯೇ ಅಳೆಯಬಹುದು. ಅದು ವಿದ್ಯಾರ್ಥಿಗೆ ಮುಖ್ಯವಾಗಿ ಮೂರು ಮಾತು ಕೊಡುತ್ತದೆ: ಸ್ನೇಹ ಸಿಗುತ್ತದೆ, ಧೈರ್ಯ ಬರುತ್ತದೆ, ಮನಸ್ಸು ಹಗುರಾಗುತ್ತದೆ.

ಮೊದಲನೆಯ ಮಾತು ಪೂರಾ ಸುಳ್ಳಲ್ಲ. ಸಣ್ಣ ಊರಿನಿಂದ ಬಂದು ಪಿಜಿ ಸೇರಿದ ಹುಡುಗನಿಗೆ ತರಗತಿಯ ಇಂಗ್ಲಿಷ್ ಹೆದರಿಕೆ ಹುಟ್ಟಿಸುತ್ತದೆ, ವಾರಾಂತ್ಯ ಉದ್ದವಾಗಿ ಕಾಣುತ್ತದೆ. ಅಂಥವನನ್ನು ಸೀನಿಯರ್‌ಗಳು ರೂಮಿಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರೆ ಅದು ದೊಡ್ಡ ಸಂಗತಿಯೇ. ಆದರೆ ಆ ಸ್ನೇಹದ ಗಟ್ಟಿತನ ಗೊತ್ತಾಗುವುದು ಅವನು ‘ನನಗೆ ಬೇಡ’ ಎಂದಾಗ. ‘ಒಂದೇ ಒಂದು ಗುಟುಕು, ನಮಗೋಸ್ಕರ’ ಎಂಬ ಒತ್ತಾಯ ಶುರುವಾದರೆ, ಲೋಟವೇ ಅಲ್ಲಿನ ಪ್ರವೇಶ ಶುಲ್ಕವೆಂದು ತಿಳಿಯಬೇಕು. ಸ್ಪ್ರೈಟ್ ಕುಡಿದವನೂ ಕೊನೆಗೆ ಎಲ್ಲರೊಂದಿಗೆ ಸಮಪಾಲು ಬಿಲ್ ಕೊಡುತ್ತಾನೆ. ವಾಂತಿ ಮಾಡಿಕೊಂಡವರನ್ನು ಹೊತ್ತು ತರುವ ಕೆಲಸವೂ ಅವನದೇ. ವಿದ್ಯಾರ್ಥಿವೇತನದ ದುಡ್ಡಿನಲ್ಲಿ ತಿಂಗಳು ತಳ್ಳುವವನಿಗೆ ಈ ಸಮಪಾಲು ಸಣ್ಣದಲ್ಲ. ಇನ್ನು ಜೂನಿಯರ್‌ಗಳನ್ನು ಹೆದರಿಸಿ ಕುಡಿಸುವುದಂತೂ ರ್‍ಯಾಗಿಂಗ್. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಅದನ್ನು ಅಪರಾಧವೆಂದು ಎಣಿಸುತ್ತದೆ, ಯುಜಿಸಿಯ 2009ರ ನಿಯಮಗಳು ಇನ್ನಷ್ಟು ಬಿಗಿಯಾಗಿವೆ.

ಎರಡನೆಯದು ಧೈರ್ಯ. ಮದ್ಯ ಮಿದುಳನ್ನು ಚುರುಕು ಮಾಡುವುದಿಲ್ಲ, ನಿಧಾನ ಮಾಡುತ್ತದೆ. ಮೊದಲು ಮಂಕಾಗುವುದು ತೂಗಿ ನೋಡುವ, ತಡೆದು ನಿಲ್ಲಿಸುವ ಭಾಗ. ಆ ಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ಆಗುತ್ತದೆ ಎನ್ನುತ್ತದೆ ನರವಿಜ್ಞಾನ. ಹಾಗಾಗಿ ಹತ್ತೊಂಬತ್ತರ ಹುಡುಗನಿಗೆ ಬಂದಂತೆ ತೋರುವ ಧೈರ್ಯ, ಇನ್ನೂ ಬಲಿಯದ ಕಾವಲುಗಾರನಿಗೆ ಹತ್ತಿದ ನಿದ್ದೆ. ಬೆಳಿಗ್ಗೆ ನಾಚಿಕೆ ಇದ್ದಲ್ಲೇ ಇರುತ್ತದೆ, ಜೊತೆಗೆ ರಾತ್ರಿ ಆಡಿದ ಮಾತುಗಳ ಬಾಕಿ ಸೇರಿರುತ್ತದೆ. ವೇಗವಾಗಿ ಏರಿಸಿದರೆ ನೆನಪೇ ಅಚ್ಚಾಗದ ಗಂಟೆಗಳೂ ಉಂಟು. ಆ ಹೊತ್ತಿನಲ್ಲಿ ಮನುಷ್ಯ ನಡೆಯುತ್ತಿರುತ್ತಾನೆ, ಮಾತಾಡುತ್ತಿರುತ್ತಾನೆ. ಮರುದಿನ ಒಂದೂ ತಿಳಿಯದು. ಅಮಲಿನಲ್ಲಿ ಏನು ನಡೆಯುತ್ತಿದೆಯೆಂದೇ ಅರಿಯದ ಹೆಣ್ಣಿನ ‘ಹೂಂ’ ಅನ್ನು ನಮ್ಮ ಕಾನೂನು ಒಪ್ಪಿಗೆಯೆಂದು ಎಣಿಸುವುದಿಲ್ಲ. ಪಾರ್ಟಿಗೆ ಹೋಗುವ ಪ್ರತಿ ಹುಡುಗನಿಗೂ ಇದು ಮೊದಲೇ ಗೊತ್ತಿರಬೇಕು.

ಮೂರನೆಯ ಮಾತು, ಮನಸ್ಸು ಹಗುರಾಗುವುದು. ಒಂದೆರಡು ಗಂಟೆ ಆಗುತ್ತದೆ, ನಿಜ. ಆದರೆ ಮದ್ಯ ತರುವ ನಿದ್ದೆ ಒಡೆದ ನಿದ್ದೆ. ಓದಿದ್ದು ನೆನಪಿನಲ್ಲಿ ಊರಲು ಬೇಕಾದ ಹಂತಗಳೇ ಅದರಲ್ಲಿ ಕೆಡುತ್ತವೆ. ಮೇಲೆ ‘ಬಿಯರ್ ತಾನೆ’ ಎಂಬ ಸಮಾಧಾನ ಬೇರೆ. ಇದನ್ನು ಲೆಕ್ಕ ಹಾಕಿಯೇ ನೋಡೋಣ. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಮಿಲಿ ಬಾಟಲಿಯಲ್ಲಿ 52 ಮಿಲಿ ಶುದ್ಧ ಆಲ್ಕೋಹಾಲ್ ಇರುತ್ತದೆ. ಶೇ 42.8ರ ವಿಸ್ಕಿಯಲ್ಲಿ ಅಷ್ಟೇ ಆಲ್ಕೋಹಾಲ್ ಬರಬೇಕಾದರೆ ಸುಮಾರು 120 ಮಿಲಿ, ಅಂದರೆ ಎರಡು ಲಾರ್ಜ್ ಪೆಗ್ ಬೇಕು. ಎರಡು ಬಿಯರ್ ಮುಗಿಸಿದವನು ಒಂದು ಕ್ವಾರ್ಟರ್‌ಗಿಂತ ಹೆಚ್ಚು ಕುಡಿದ ಹಾಗೆ. ಪಿತ್ತಜನಕಾಂಗ ತನ್ನ ವೇಗದಲ್ಲೇ ಕೆಲಸ ಮಾಡುತ್ತದೆ, ಅಷ್ಟನ್ನು ಕರಗಿಸಲು ಗಂಟೆಗಟ್ಟಲೆ ಬೇಕು. ನಿಂಬೆರಸ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದರಿಂದಲೂ ಅದು ಬೇಗ ಇಳಿಯುವುದಿಲ್ಲ. ಹೀಗೆ ‘ಇಳಿದಿದೆ ಮಗಾ’ ಎಂದು ಬೈಕ್ ಹತ್ತುವವನಿಗೆ ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ರಸ್ತೆ ವಿಧಿಸುವ ದಂಡಕ್ಕೆ ಇಂಥ ಮಿತಿಯಿಲ್ಲ.

ದುಃಖಕ್ಕೆ ಬಾಟಲಿಯೇ ಮದ್ದು ಎಂಬ ಪಾಠವನ್ನು ಹುಡುಗರು ತಾವೇ ಕಂಡುಹಿಡಿದದ್ದಲ್ಲ. ಹುಡುಗಿ ಕೈಕೊಟ್ಟಳು, ಅದಕ್ಕೆ ಕುಡಿದೆ: ನಮ್ಮ ಸಿನಿಮಾದ ಎಷ್ಟೋ ‘ಎಣ್ಣೆ ಸಾಂಗ್’ಗಳ ಕತೆ ಇಷ್ಟೇ. ಕವಿ ರಾಜರತ್ನಂ ಅವರ ಪದಗಳ ರತ್ನನೂ ಕುಡುಕನೇ. ಆದರೆ ಅವನಿಗೆ ಹೆಂಡಕ್ಕಿಂತ ದೊಡ್ಡದಾಗಿ ಕನ್ನಡವಿದೆ, ನಂಜಿ ಇದ್ದಾಳೆ. ಈಚಿನ ಹಾಡುಗಳ ನಾಯಕನಿಗೆ ಬಾಟಲಿಯ ಆಚೆ ಏನೂ ಇಲ್ಲ. ಕಾಲೇಜು ದಿನಾಚರಣೆಯಲ್ಲಿ ಅದೇ ಹಾಡಿಗೆ ಶಿಳ್ಳೆ ಬೀಳುವಾಗ ಮುಂದಿನ ಸಾಲಿನಲ್ಲಿ ಅಧ್ಯಾಪಕರೂ ಕೂತಿರುತ್ತಾರೆ.

ಹಾಗಾದರೆ ಎಣ್ಣೆ ಪಾರ್ಟಿಯನ್ನು ವಿರೋಧಿಸುವವರ ಬಳಿ ಇರುವುದು ಒಳ್ಳೆಯ ಉತ್ತರವೆ? ಅದನ್ನೂ ಅದೇ ಕೋಲಿನಿಂದ ಅಳೆಯಬೇಕು. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿ ಯುವತಿಯರನ್ನು ಹೊಡೆದು ಎಳೆದಾಡಿದವರು ಸಂಸ್ಕೃತಿ ಕಾಯುತ್ತೇವೆಂದರು. 2012ರಲ್ಲಿ ಅದೇ ಊರಿನ ಹೋಮ್‌ಸ್ಟೇ ಒಂದರಲ್ಲಿ ಹುಟ್ಟುಹಬ್ಬ ಮಾಡಿಕೊಳ್ಳುತ್ತಿದ್ದವರ ಮೇಲೂ ದಾಳಿಯಾಯಿತು. ಪಬ್ ಪ್ರಕರಣದ ಆರೋಪಿಗಳು 2018ರಲ್ಲಿ ಖುಲಾಸೆಯಾದರು. ಅಂದು ಏಟು ತಿಂದವರ ಆರೋಗ್ಯದ ಚಿಂತೆ ಹೊಡೆದವರಿಗೆ ಇರಲಿಲ್ಲ. ಹೆಣ್ಣುಮಕ್ಕಳು ಅಲ್ಲಿ ಕೂತದ್ದೇ ಅವರ ಕಣ್ಣಿಗೆ ತಪ್ಪಾಗಿತ್ತು. ಹುಡುಗ ಕುಡಿದರೆ ‘ವಯಸ್ಸು’, ಹುಡುಗಿ ಕುಡಿದರೆ ‘ಸುದ್ದಿ’ ಎನ್ನುವ ನ್ಯಾಯದಿಂದ ಯಾರ ಯಕೃತ್ತೂ ಉಳಿಯುವುದಿಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಬಳಸುವವರು ಗಂಡಸರಲ್ಲಿ ಶೇ 27.3, ಹೆಂಗಸರಲ್ಲಿ ಶೇ 1.6. ಸಂಸ್ಕೃತಿಯ ಕಾವಲುಗಾರರ ಸಿಟ್ಟು ಮಾತ್ರ ಈ ಲೆಕ್ಕಕ್ಕೆ ತದ್ವಿರುದ್ಧವಾಗಿ ಹಂಚಿಹೋಗಿದೆ.

ಸರ್ಕಾರದ ನಿಲುವೂ ಎರಡು ದೋಣಿಯ ಮೇಲಿದೆ. ಅಬಕಾರಿ ಕಾಯ್ದೆ ಹದಿನೆಂಟು ತುಂಬದವರಿಗೆ ಮದ್ಯ ಮಾರಬಾರದು ಎನ್ನುತ್ತದೆ, 1967ರ ಪರವಾನಗಿ ನಿಯಮ ಇಪ್ಪತ್ತೊಂದು ಎನ್ನುತ್ತದೆ. 2023ರ ಜನವರಿಯಲ್ಲಿ ನಿಯಮವನ್ನೂ ಹದಿನೆಂಟಕ್ಕೆ ಇಳಿಸುವ ಕರಡು ಹೊರಬಿತ್ತು, ವಿರೋಧ ಬಂದೊಡನೆ ಹಿಂದಕ್ಕೆ ಹೋಯಿತು. ಹಾಗಾಗಿ ಇಪ್ಪತ್ತೊಂದೇ ಉಳಿದಿದೆ, ಪದವಿ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅದಕ್ಕಿಂತ ಚಿಕ್ಕವರು. ಆದರೆ ಎಂಆರ್‌ಪಿ ಅಂಗಡಿಯ ಕಿಂಡಿಯಲ್ಲಿ ವಯಸ್ಸು ಕೇಳುವವರು ಅಪರೂಪ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ನಿರೀಕ್ಷಿಸಿದ ಸರ್ಕಾರಕ್ಕೆ ಆ ಕಿಂಡಿಯಲ್ಲಿ ಇಣುಕಿ ನೋಡುವ ಆತುರ ಎಲ್ಲಿಂದ ಬರಬೇಕು?

ಹಾಸ್ಟೆಲುಗಳ ಕಟ್ಟುನಿಟ್ಟಿನಲ್ಲಿ ಇನ್ನೊಂದು ಅಪಾಯ ಅಡಗಿದೆ. ಕುಡಿದು ಸಿಕ್ಕಿಬಿದ್ದರೆ ಸಸ್ಪೆಂಡ್, ಅಪ್ಪ-ಅಮ್ಮನಿಗೆ ಫೋನ್. ಈ ಭಯಕ್ಕೆ ಕುಡಿತ ನಿಲ್ಲುವುದಿಲ್ಲ, ಬಾಗಿಲು ಹಾಕಿಕೊಳ್ಳುತ್ತದೆ. ಎಬ್ಬಿಸಿದರೂ ಏಳದ, ಉಸಿರು ನಿಧಾನವಾದ ಗೆಳೆಯನನ್ನು ‘ಮಲಗಿದರೆ ಸರಿಹೋಗ್ತಾನೆ’ ಎಂದು ಅಂಗಾತ ಮಲಗಿಸಿ ಬಿಡುವುದು ಇಂಥ ರೂಮುಗಳಲ್ಲೇ. ಅವನ ವಾಂತಿಯೇ ಅವನ ಉಸಿರು ಕಟ್ಟಿಸಬಹುದು. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕಾದ ಕೈ ವಾರ್ಡನ್ ಹೆದರಿಕೆಗೆ ಹಿಂಜರಿಯುತ್ತದೆ. ನೆರವಿಗೆ ಕರೆದವರನ್ನೂ ಬಿದ್ದವರನ್ನೂ ಕುಡಿತಕ್ಕಾಗಿ ಶಿಕ್ಷಿಸದ ಕಾನೂನುಗಳು ಅಮೆರಿಕದ ಹಲವು ರಾಜ್ಯಗಳಲ್ಲಿವೆ. ನಮ್ಮ ಹಾಸ್ಟೆಲ್ ನಿಯಮಗಳಲ್ಲೂ ಆ ಒಂದು ಸಾಲು ಸೇರಬೇಕು.

ಇಷ್ಟು ತೂಗಿದ ಮೇಲೆ ನನ್ನ ತೀರ್ಮಾನ ಇದು. ಪಾರ್ಟಿ ಬೇಕು. ಹದಿನೆಂಟರಿಂದ ಇಪ್ಪತ್ತೆರಡರ ವಯಸ್ಸಿಗೆ ಸೇರುವ, ಕುಣಿಯುವ, ತಡರಾತ್ರಿವರೆಗೆ ಹರಟುವ ಜಾಗಗಳನ್ನು ಕಾಲೇಜುಗಳೇ ಕೊಡಬೇಕು. ಸಂಜೆ ಏಳಕ್ಕೆ ಗೇಟು ಹಾಕಿ ‘ಮಕ್ಕಳು ಹಾಳಾದರು’ ಎಂದು ಗೊಣಗುವುದು ಬೇಡ. ಕುಡಿತ ಬೇಡ. ಇಪ್ಪತ್ತೊಂದರ ಒಳಗಿನವರಿಗೆ ಕಾನೂನೂ ಮಿದುಳೂ ಒಂದೇ ಮಾತು ಹೇಳುತ್ತಿವೆ. ದಾಟಿದವರು ತಮ್ಮ ನಿರ್ಧಾರ ತಾವೇ ಮಾಡಲಿ, ಆದರೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದನ್ನು ತಿಳಿದೇ ಮಾಡಲಿ. ಮುಂದಿನ ಟ್ರೀಟ್ ಕೊಡುವವರು ಮೂರು ಕೆಲಸ ಮಾಡಬಹುದು: ಊಟದ ಬಿಲ್ಲನ್ನೂ ಎಣ್ಣೆಯ ಬಿಲ್ಲನ್ನೂ ಬೇರೆ ಮಾಡುವುದು, ಬೇಡ ಎಂದವರನ್ನು ಎರಡನೆಯ ಸಲ ಕೇಳದಿರುವುದು, ಬೈಕಿನ ಕೀಗಳನ್ನು ಮೊದಲೇ ತೆಗೆದಿಡುವುದು. ಇಷ್ಟಕ್ಕೇ ಒಡೆದುಹೋಗುವ ಗೆಳೆತನವಾದರೆ ಅದನ್ನು ಹಿಡಿದಿಟ್ಟದ್ದು ಬಾಟಲಿಯೇ. ಅಂಥದ್ದನ್ನು ಕಳೆದುಕೊಂಡ ವಿದ್ಯಾರ್ಥಿಗೆ ನಷ್ಟವೇನಿಲ್ಲ.