ನೋವು ನಿಂತರೆ ಕಲ್ಲು ಹೋದಂತಲ್ಲ

ಕೋಲಾರ ಜಿಲ್ಲೆಯ ವಕ್ಕಲೇರಿ ಹೋಬಳಿಯಿಂದ ಶ್ರೀನಿವಾಸಪುರದ ಮಾವಿನ ತೋಪುಗಳವರೆಗೆ, ಕಿಡ್ನಿಯಲ್ಲಿ ಕಲ್ಲು ಎಂದೊಡನೆ ಕಿವಿಗೆ ಬೀಳುವ ಸಲಹೆ ಬಾಳೆದಿಂಡಿನ ರಸ, ಹುರುಳಿಕಾಳು ಬೇಯಿಸಿದ ಕಟ್ಟು, ಕಾಡುಬಸಳೆ ಎಲೆ. ಈ ಮನೆಮದ್ದನ್ನು ಮೌಢ್ಯವೆಂದು ತಳ್ಳಿಹಾಕುವುದು ಅನ್ಯಾಯ, ಕಣ್ಣುಮುಚ್ಚಿ ನಂಬುವುದು ಅಪಾಯ. ಅದರ ಗುಣವೆಲ್ಲ ಹೊಟ್ಟೆಗೆ ಸೇರುವ ನೀರಿನಲ್ಲಿದೆ. ಅದರ ದೋಷ, ನೋವು ನಿಂತದ್ದನ್ನೇ ಕಲ್ಲು ಬಿದ್ದ ಗುರುತೆಂದು ಎಣಿಸುವುದರಲ್ಲಿದೆ.

ಐದು ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ಕೆಲವು ವಾರಗಳಲ್ಲಿ ತಾವಾಗಿಯೇ ಬೀಳುತ್ತವೆ. ಆ ವಾರಗಳಲ್ಲಿ ಏನು ಕುಡಿದಿದ್ದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ. ಎಲ್ಲಕ್ಕಿಂತ ಸಾಮಾನ್ಯವಾದ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಕರಗಿಸುವ ಔಷಧ ಇನ್ನೂ ಇಲ್ಲ. ಯೂರಿಕ್ ಆಮ್ಲದ ಕಲ್ಲಾದರೆ ಮೂತ್ರದ ಹುಳಿಯನ್ನು ತಗ್ಗಿಸುವ ಔಷಧಕ್ಕೆ ಕರಗುತ್ತದೆ. ನೀರಿನ ಪರವಾಗಿ ಮಾತ್ರ ಗಟ್ಟಿ ಪುರಾವೆಯಿದೆ. ಮೊದಲ ಸಲ ಕಲ್ಲಾದ 199 ಮಂದಿಯನ್ನು ಇಟಲಿಯ ವೈದ್ಯರು ಐದು ವರ್ಷ ಗಮನಿಸಿ 1996ರಲ್ಲಿ ವರದಿ ಮಾಡಿದರು: ಹೆಚ್ಚು ನೀರು ಕುಡಿದವರಲ್ಲಿ ಶೇ. 12 ಮಂದಿಗೆ, ಉಳಿದವರಲ್ಲಿ ಶೇ. 27 ಮಂದಿಗೆ ಕಲ್ಲು ಮರುಕಳಿಸಿತ್ತು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಬೇಕೆಂಬ ಇಂದಿನ ಸಲಹೆಗೆ ಇಂಥ ಪುರಾವೆಯೇ ಆಧಾರ. ಏಪ್ರಿಲ್ ಬಿಸಿಲಲ್ಲಿ ಟೊಮೆಟೊ ಕೀಳುವ ಕೂಲಿಯವರಿಗೆ ಬದುವಿನ ಮೇಲೆ ಸಾಕಷ್ಟು ಕುಡಿಯುವ ನೀರಿಡುವುದು ಯಾವ ಕಷಾಯಕ್ಕಿಂತಲೂ ದೊಡ್ಡ ಮದ್ದು.

‘ನಮ್ಮ ಬೋರ್‌ವೆಲ್ ನೀರೇ ಗಡುಸು, ಅದನ್ನೇ ಇನ್ನಷ್ಟು ಕುಡಿದರೆ ಕಲ್ಲು ಬೆಳೆಯದೇ?’ ಎಂಬ ಆಕ್ಷೇಪ ಸಹಜ. ಆದರೆ ನೀರಿನ ಗಡಸುತನಕ್ಕೂ ಕಲ್ಲಿಗೂ ನೇರ ನಂಟು ಸ್ಥಿರವಾಗಿ ಕಂಡುಬಂದಿಲ್ಲ. ನೀರನ್ನು ಗಡುಸಾಗಿಸುವ ಕ್ಯಾಲ್ಸಿಯಂ ಊಟದೊಡನೆ ಸೇರಿದರೆ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದಿಟ್ಟು, ಅದು ಮೂತ್ರಕ್ಕೆ ಇಳಿಯದಂತೆ ತಡೆಯುತ್ತದೆ. ಹಾಲು ಬಿಟ್ಟರೆ ಕಲ್ಲಾಗದು ಎಂಬ ನಂಬಿಕೆಯನ್ನೂ 2002ರ ಇನ್ನೊಂದು ಇಟಾಲಿಯನ್ ಅಧ್ಯಯನ ಅಲ್ಲಗಳೆಯಿತು: ಕ್ಯಾಲ್ಸಿಯಂ ಕಡಿತ ಮಾಡಿದವರಿಗಿಂತ, ಅದನ್ನು ಉಳಿಸಿಕೊಂಡು ಉಪ್ಪು, ಮಾಂಸ ಕಡಿಮೆ ಮಾಡಿದವರಲ್ಲಿ ಕಲ್ಲು ಕಡಿಮೆ. ಕೋಲಾರದ ಶುದ್ಧ ನೀರಿನ ಘಟಕಗಳು ಬೇಕಾಗಿರುವುದೂ ಕಲ್ಲಿನ ಭಯಕ್ಕಲ್ಲ, ಮುಖ್ಯವಾಗಿ ಫ್ಲೋರೈಡ್ ತೆಗೆಯಲು. ಟೊಮೆಟೊ ಬೀಜದಿಂದ ಕಲ್ಲಾಗುತ್ತದೆಂಬ ಭಯಕ್ಕೂ ಆಧಾರವಿಲ್ಲ. ಆಕ್ಸಲೇಟ್ ಹೇರಳವಾಗಿರುವುದು ಪಾಲಕ್‌ನಂಥ ಸೊಪ್ಪಿನಲ್ಲಿ, ಟೊಮೆಟೊದಲ್ಲಿ ತೀರಾ ಕಡಿಮೆ.

ಬಡವರಿಗೆ ಆಸ್ಪತ್ರೆಯ ಖರ್ಚು ದುಬಾರಿ, ಮನೆಮದ್ದು ಅಗ್ಗ ಎಂಬ ವಾದವನ್ನು ನಾನು ಗೌರವಿಸುತ್ತೇನೆ. ಆದರೆ ಕಲ್ಲು ಮೂತ್ರನಾಳದಲ್ಲಿ ಸಿಕ್ಕಿಕೊಂಡಿದ್ದರೂ, ದಿನ ಕಳೆದಂತೆ ಕಿಡ್ನಿಯೊಳಗಿನ ಒತ್ತಡ ಇಳಿದು ನೋವು ಅಡಗಬಹುದು. ಗುಣವಾಯಿತೆಂದು ಸುಮ್ಮನಿದ್ದವರು ಒಂದು ಕಿಡ್ನಿಯನ್ನೇ ಕಳೆದುಕೊಳ್ಳಬಹುದು. ಅಗ್ಗದ ಮದ್ದು ಆಗ ಎಲ್ಲಕ್ಕಿಂತ ದುಬಾರಿ. ನೋವಿನೊಡನೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಒಂದು ದಿನವೂ ಕಾಯುವಂತಿಲ್ಲ. ಉಳಿದವರು ಹುರುಳಿಕಟ್ಟನ್ನು ಬಿಡಬೇಕಿಲ್ಲ, ಅದಕ್ಕೆ ಎರಡು ಸ್ಕ್ಯಾನಿಂಗ್ ಸೇರಿಸಿಕೊಂಡರೆ ಸಾಕು: ಕಲ್ಲಿನ ಗಾತ್ರ ತಿಳಿಯಲು ಮೊದಲೊಂದು, ಅದು ಬಿದ್ದದ್ದು ಖಚಿತವಾಗಲು ನಾಲ್ಕಾರು ವಾರಗಳ ಬಳಿಕ ಇನ್ನೊಂದು. ಇದಕ್ಕಾಗಿ ಮಾಲೂರು, ಮುಳಬಾಗಿಲಿನವರು ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೆ ಅಲೆಯಬಾರದು. ತಾಲ್ಲೂಕು ಆಸ್ಪತ್ರೆಯಲ್ಲೇ ಎಲ್ಲ ದಿನವೂ ಈ ಪರೀಕ್ಷೆ ಸಿಗಬೇಕು. ಬಡವರ ಖರ್ಚಿನ ಬಗ್ಗೆ ಕಾಳಜಿಯುಳ್ಳವರು ಮೊದಲು ಕೇಳಬೇಕಾದದ್ದು ಇದನ್ನೇ.